ರೋಗಿಗೆ ತಿಳಿಯದಂತೆ

ಬೆಂಗಳೂರಿನ ಯಶವಂತಪುರದ ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಲಾರಿಗಳ ಹಿಂಬಾಗಿಲುಗಳು ತೆರೆದುಕೊಂಡು, ಈರುಳ್ಳಿಯ ಮೂಟೆಗಳು ಹಮಾಲರ ಬೆನ್ನನ್ನೇರಿ ಮಂಡಿಗಳೊಳಕ್ಕೆ ಸಾಗತೊಡಗುತ್ತವೆ. ಆ ಹೊತ್ತಿನಲ್ಲಿ ಅಲ್ಲಿ ಸ್ವಲ್ಪ ಕಾಲ ಸುಮ್ಮನೆ ನಿಂತು ನೋಡುವವನ ಕಣ್ಣಿಗೆ, ಐವತ್ತು ಕಿಲೋ ಭಾರವನ್ನು ಅಳುಕದೆ ಹೊತ್ತ ಬೆನ್ನುಗಳ ನಡುವೆ, ಚಹದ ಪುಟ್ಟ ಲೋಟವೊಂದನ್ನು ತುಳುಕಿಸದೆ ತುಟಿಗೆ ಒಯ್ಯಲಾರದ ಕೆಲವು ಕೈಗಳೂ ಬೀಳುತ್ತವೆ. ಆ ನಡುಕ ಚಳಿಯದಲ್ಲ, ವಯಸ್ಸಿನದೂ ಅಲ್ಲ. ಹಿಂದಿನ ರಾತ್ರಿಯ ಕ್ವಾರ್ಟರ್ ದೇಹದಿಂದ ಇಳಿದುಹೋಗುತ್ತಿರುವುದರ ಕುರುಹು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ಬಸ್ಸು ನಿಲ್ದಾಣದ ಬಳಿಗೆ ಬಂದರೆ, ನಮ್ಮ ನಾಡಿನ ಯಾವ ಊರಿನ ಗೋಡೆಯಲ್ಲಾದರೂ ಕಾಣಸಿಗುವ ಒಂದು ಪ್ರಕಟಣೆ: ಕುಡಿತ ಬಿಡಿಸಲಾಗುವುದು, ರೋಗಿಗೆ ತಿಳಿಯದಂತೆ.

ಈ ಕೊನೆಯ ಎರಡು ಪದಗಳನ್ನು ನಾನು ಎಷ್ಟೋ ವರ್ಷಗಳಿಂದ ಓದುತ್ತ ಬಂದಿದ್ದೇನೆ. ಮೊದಮೊದಲು ಅವು ಒಬ್ಬ ವ್ಯಾಪಾರಿಯ ಆಮಿಷದಂತೆ ಮಾತ್ರ ತೋರುತ್ತಿದ್ದುವು. ಈಗ, ವ್ಯಸನವನ್ನು ಕುರಿತು ನಮ್ಮ ಮನೆಗಳೂ ಸರ್ಕಾರಗಳೂ ಶತಮಾನದಿಂದ ನಡೆದುಕೊಂಡು ಬಂದಿರುವ ರೀತಿಯೆಲ್ಲವೂ ಆ ಎರಡೇ ಪದಗಳಲ್ಲಿ ಅಡಕವಾಗಿದೆಯೆಂದು ತೋರುತ್ತದೆ. ಸಾರಿನಲ್ಲಿ ಕಲಸಿದ ಮಾತ್ರೆ, ನಡುರಾತ್ರಿ ಬಂದು ಎತ್ತಿಕೊಂಡುಹೋಗುವ, ಕುಡಿತ ಬಿಡಿಸುವ ಕೇಂದ್ರದ ಗಾಡಿ, ಯಾರನ್ನೂ ಕೇಳದೆ ಹೊರಡುವ ನಿಷೇಧಾಜ್ಞೆ, ಇವೆಲ್ಲದರಲ್ಲಿಯೂ ಮಾತನಾಡದೆ ಉಳಿಯುವವನು ಒಬ್ಬನೇ, ಕೈ ನಡುಗುತ್ತಿರುವಾತ. ಅವನಿಗೆ ತಿಳಿದಂತೆ, ಅವನೊಡನೆ ಕುಳಿತು, ಅವನ ಪ್ರಾಣವನ್ನು ಮೊದಲು ಉಳಿಸಿಕೊಂಡು ಆಮೇಲೆ ಉಳಿದುದನ್ನು ಯೋಚಿಸುವ ಇನ್ನೊಂದು ಮಾರ್ಗವಿದೆ. ಅದನ್ನು ಸಾಮಾನ್ಯ ಜನರೇ ಕಟ್ಟಿದರು. ಆ ಮಾರ್ಗದ ವಿವರಣೆಯೇ ಈ ಲೇಖನದ ಉದ್ದೇಶ.

ನಡುಕದ ಕಾರಣ

ಮದ್ಯವು ಮಿದುಳಿನ ವೇಗವನ್ನು ಕುಗ್ಗಿಸುವ ದ್ರವ್ಯ. ದಿನವೂ ಕುಡಿಯುವವನ ಮಿದುಳು ಆ ಕುಗ್ಗಿಸುವಿಕೆಗೆ ಪ್ರತಿಯಾಗಿ ತನ್ನನ್ನು ತಾನೇ ಉದ್ರೇಕಿಸಿಕೊಳ್ಳುವುದನ್ನು ಕಲಿಯುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ಎಳೆದು ಹಿಡಿದ ಎತ್ತಿನಂತೆ ಸದಾ ಬಿಗಿಯಾಗಿರುತ್ತದೆ. ಒಮ್ಮೆಗೇ ಮದ್ಯ ನಿಂತುಹೋದಾಗ ಆ ಬಿಗಿತಕ್ಕೆ ಎದುರು ಭಾರವಿಲ್ಲದಂತಾಗಿ, ಮೊದಲ ದಿನದಲ್ಲಿಯೇ ನಡುಕ, ಬೆವರು, ನಿದ್ರಾನಾಶಗಳು ತೋರುತ್ತವೆ. ಕೆಲವರಿಗೆ ಎರಡು ದಿನಗಳೊಳಗೆ ಅಪಸ್ಮಾರದಂತಹ ಸೆಳೆತ ಬರುತ್ತದೆ. ಇನ್ನು ಕೆಲವರು ಎರಡನೆಯ ಅಥವಾ ಮೂರನೆಯ ದಿನ ಇಲ್ಲದ ಹುಳುಗಳನ್ನು ಮೈಮೇಲಿಂದ ಕೊಡವುತ್ತ, ಇಲ್ಲದ ಜನರೊಡನೆ ಜಗಳವಾಡುತ್ತ, ಹೆಂಡತಿಯನ್ನೇ ಗುರುತಿಸಲಾರದ ಸನ್ನಿಗೆ ಒಳಗಾಗುತ್ತಾರೆ. ಮನೆಯವರು ಇದನ್ನು ಗಾಳಿಸೋಂಕೆಂದು ಭ್ರಮಿಸಿ ಅಂತ್ರ ಕಟ್ಟಿಸಲು ಹೊರಡುವುದುಂಟು. ಚಿಕಿತ್ಸೆಯಿಲ್ಲದೆ ಹೋದರೆ ಈ ಸನ್ನಿ ಪ್ರಾಣಾಂತಿಕವಾಗಬಲ್ಲದು.

ಆದಕಾರಣ, ಕೋಣೆಯಲ್ಲಿ ಕೂಡಿಹಾಕಿ ನಾಲ್ಕು ದಿನ ಕೊಡದಿದ್ದರೆ ತಾನಾಗಿಯೇ ಬಿಟ್ಟಾನು ಎಂಬ ನಂಬಿಕೆ ಎಷ್ಟು ಸಹಜವೋ ಅಷ್ಟೇ ಅಪಾಯಕಾರಿ. ಈ ಕಾಲವನ್ನು ದಾಟಿಸುವ ಔಷಧಗಳು ಅಪೂರ್ವವಾದುವೇನಲ್ಲ. ವೈದ್ಯರ ನಿಗಾದಲ್ಲಿ ದಿನದಿನವೂ ಇಳಿಸುತ್ತ ಬರುವ ಶಾಮಕ ಮಾತ್ರೆಗಳು, ನೀರು, ಆಹಾರ, ಮತ್ತು ಥಯಮಿನ್ ಎಂಬ ಬಿ-1 ಜೀವಸತ್ವ. ಅನ್ನವನ್ನು ತೊರೆದು ಮದ್ಯದಲ್ಲೇ ಹೊಟ್ಟೆ ತುಂಬಿಸಿಕೊಂಡವನಲ್ಲಿ ಈ ಜೀವಸತ್ವ ಬರಿದಾಗಿ, ಸಕಾಲದಲ್ಲಿ ಅದನ್ನು ಪೂರೈಸದಿದ್ದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ನಾಶವಾಗುವ ಸಂಭವವಿದೆ. ಅಗ್ಗದ ಒಂದು ಜೀವಸತ್ವದ ಅಭಾವದಿಂದ ಒಬ್ಬ ತಂದೆ ತನ್ನ ಮಕ್ಕಳ ಹೆಸರನ್ನು ಮರೆಯುವನೆಂಬುದನ್ನು ಯೋಚಿಸಿದರೆ ಎದೆ ಭಾರವಾಗುತ್ತದೆ.

ಇನ್ನು ಆ ಗೋಡೆಬರಹದ ಗುಟ್ಟಿನ ಮಾತ್ರೆ. ಇಂತಹ ಪುಡಿಗಳಲ್ಲಿ ಏನು ಬೆರೆತಿರುತ್ತದೆಂಬುದನ್ನು ಕೊಂಡುಕೊಳ್ಳುವವರಾರೂ ಅರಿಯರು. ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಡೈಸಲ್ಫಿರಾಮ್ ಎಂಬ ಔಷಧವೊಂದಿದೆ. ಕುಡಿತವನ್ನು ಬಿಡಿಸುವಲ್ಲಿ ಅದರ ಉಪಯೋಗ 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಿಂದ ಲೋಕಕ್ಕೆ ತಿಳಿದುಬಂದಿತು. ಅದನ್ನು ಸೇವಿಸಿದವನು ಕುಡಿದರೆ ಮದ್ಯವು ದೇಹದಲ್ಲಿ ಪೂರ್ತಿ ಕರಗದೆ ಅರ್ಧದಲ್ಲಿಯೇ ನಿಂತು, ವಿಷಪ್ರಾಯವಾದ ಅಸಿಟಾಲ್ಡಿಹೈಡ್ ಶೇಖರವಾಗಿ, ಮುಖ ಕೆಂಪೇರಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಕುಡಿದರೆ ಹೀಗಾಗುವುದೆಂದು ರೋಗಿಗೆ ಗೊತ್ತಿರುವುದೇ ಆ ಔಷಧದ ಬಲ; ಆ ಅರಿವಿನಿಂದಲೇ ಅವನು ಬಾಟ್ಲಿಯನ್ನು ದೂರವಿಡುತ್ತಾನೆ. ಗೊತ್ತಿಲ್ಲದಂತೆ ಉಣಿಸಿದಾಗಲಾದರೋ ಅವನು ಎಂದಿನಂತೆ ಕುಡಿಯುತ್ತಾನೆ, ಮತ್ತು ದುರ್ಬಲ ಹೃದಯದವನಾದರೆ ಸಾಯಲೂಬಹುದು. ಔಷಧವೇ ಇಲ್ಲಿ ನಮಗೆ ನೀತಿಯನ್ನು ಹೇಳುತ್ತಿದೆ: ತಿಳಿದರೆ ಮದ್ದು, ತಿಳಿಯದಿದ್ದರೆ ವಿಷ.

ರೋಗದ ವ್ಯಾಪ್ತಿಯನ್ನೂ ಒಮ್ಮೆ ನೋಡೋಣ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವ್ಯಸನಚಿಕಿತ್ಸಾ ಕೇಂದ್ರವು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ದೇಶದಲ್ಲಿ ಸುಮಾರು 16 ಕೋಟಿ ಜನರು ಮದ್ಯಸೇವನೆ ಮಾಡುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಒಂದಿಲ್ಲೊಂದು ನೆರವು ಬೇಕಾಗಿದೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ನಮ್ಮ ನಗರದ್ದೇ ಆದ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ, ಮದ್ಯವ್ಯಸನಿಗಳಲ್ಲಿ ಶೇಕಡಾ 86ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೆ ಉಳಿದಿರುವರೆಂದು ಕಂಡುಕೊಂಡಿತು. ಗೋಡೆಬರಹಗಳಿಗೆ ಗಿರಾಕಿಗಳು ಏಕೆ ಸಿಗುತ್ತಾರೆಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ನಿಷೇಧದ ನೆನಪು

ಪಾನನಿಷೇಧವು ನಮ್ಮ ನಾಡಿಗೆ ಹೊಸದಲ್ಲ. ಸಂವಿಧಾನದ 47ನೆಯ ವಿಧಿಯು ಅದನ್ನು ರಾಜ್ಯಕ್ಕೆ ನಿರ್ದೇಶಕ ತತ್ತ್ವವಾಗಿ ವಿಧಿಸಿದೆ. ಹಳೆಯ ಮೈಸೂರಿನಲ್ಲಿ ಸ್ವಾತಂತ್ರ್ಯಾನಂತರ ಜಾರಿಗೆ ಬಂದ ನಿಷೇಧವು 1960ರ ದಶಕದ ಉತ್ತರಾರ್ಧದಲ್ಲಿ ತೆರವಾಯಿತು. ಆದರೂ ಕಳ್ಳಭಟ್ಟಿ ನಿಲ್ಲಲಿಲ್ಲ: 1981ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಬಡವರ ಕೇರಿಗಳಲ್ಲಿ ಮೀಥೈಲ್ ಆಲ್ಕೊಹಾಲ್ ಬೆರೆತ ಕಳ್ಳಭಟ್ಟಿಯನ್ನು ಕುಡಿದು 300ಕ್ಕೂ ಹೆಚ್ಚು ಜನರು ಸತ್ತರು. ಈ ವಿಷವು ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಪರಿಣಮಿಸಿ ಮೊದಲು ಕಣ್ಣನ್ನು ಕಿತ್ತುಕೊಳ್ಳುತ್ತದೆ, ಆಮೇಲೆ ಉಸಿರನ್ನು. ಮುಂದೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯ ಮಾರಾಟವೇ ನಿಂತಿತು. ಪ್ಯಾಕೆಟ್ ಸಾರಾಯಿಯು ಹಾಳುಗೆಡವಿದ್ದ ಸಂಸಾರಗಳನ್ನು ಬಲ್ಲವರಿಗೆಲ್ಲ ಅದು ಸಮಾಧಾನದ ದಿನವಾಗಿತ್ತು. ಆದರೆ ವರ್ಷವೊಂದು ತುಂಬುವ ಮೊದಲೇ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರಿನಲ್ಲಿಯೂ ಕೋಲಾರ ಮತ್ತು ಕೃಷ್ಣಗಿರಿಯ ಗಡಿಸೀಮೆಯಲ್ಲಿಯೂ ಮತ್ತೆ ವಿಷಮದ್ಯ ಹರಿದು 150ಕ್ಕೂ ಮಿಗಿಲಾದ ಪ್ರಾಣಗಳು ಹೋದುವು. ಅಂಗಡಿ ಮುಚ್ಚಿತ್ತು, ಆದರೆ ಬೆಳಗಿನ ನಡುಕವಿದ್ದವನಿಗೆ ಆ ನಡುಕ ಹಾಗೆಯೇ ಉಳಿದಿತ್ತು, ಅದಕ್ಕೆ ಬದಲು ಮದ್ದನ್ನು ಯಾರೂ ಕೊಟ್ಟಿರಲಿಲ್ಲ.

ಇಷ್ಟರಿಂದಲೇ ನಿಷೇಧವನ್ನು ಕೇಳುವವರನ್ನು ಅಜ್ಞರೆಂದು ತಳ್ಳಿಹಾಕುವವರ ಸಾಲಿಗೆ ನಾನು ಸೇರಲಾರೆ. 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಸಾವಿರಾರು ಮಂದಿ ಸ್ತ್ರೀಯರು, ರಾಯಚೂರೇ ಮೊದಲಾದ ಉತ್ತರದ ಜಿಲ್ಲೆಗಳ ಕೂಲಿಯ ಹೆಣ್ಣುಮಕ್ಕಳೇ ಅವರಲ್ಲಿ ಬಹುಮಂದಿ, ಮದ್ಯ ನಿಷೇಧ ಆಂದೋಲನದ ಹೆಸರಿನಲ್ಲಿ ಸುಮಾರು 200 ಕಿಲೋಮೀಟರು ನಡೆದು, ಗಾಂಧೀಜಿಯವರು ಹತರಾದ ಜನವರಿ 30ರಂದು ತುಮಕೂರು ರಸ್ತೆಯ ಕಡೆಯಿಂದ ಈ ನಗರವನ್ನು ತಲುಪಿದರು. ಅವರ ಮಾತು ಸಂಪೂರ್ಣ ನಿಷೇಧವೆಂಬುದಾಗಿತ್ತು. ಆ ಮಾತಿನ ಹಿಂದೆ ಇದ್ದುದು ಕಿರಾಣಿ ಅಂಗಡಿಯಲ್ಲಿ, ಹೋಟೆಲಿನ ಮರೆಯಲ್ಲಿ, ಶಾಲೆಯ ಹಿತ್ತಿಲಿನಲ್ಲಿ ಪರವಾನಗಿಯಿಲ್ಲದೆ ಮಾರಾಟವಾಗುವ ಮದ್ಯ, ಕೂಲಿಯ ಹಣ ಮನೆಗೆ ಮುಟ್ಟುವ ಮೊದಲೇ ಕರಗುವ ಸಂಜೆಗಳು, ಮತ್ತು ಏಟು. ಹಾನಿಯನ್ನು ತಗ್ಗಿಸಬೇಕೆನ್ನುವವನು ಮೊಟ್ಟಮೊದಲು ಎಣಿಸಬೇಕಾದ ಹಾನಿ ಇದೇ. ಕುಡಿಯುವವನ ದೇಹಕ್ಕಾಗುವ ಕೇಡನ್ನು ಮಾತ್ರ ಅಳೆದು, ಅವನ ಹೆಂಡತಿಯ ಮುರಿದ ಬಳೆಯನ್ನು ಲೆಕ್ಕಕ್ಕೆ ತಾರದ ನೀತಿ ಅಪೂರ್ಣ.

ಆ ತಾಯಂದಿರು ಎದುರಿಸಿದ ಗೋಡೆ ಯಾವುದೆಂಬುದೂ ಗುಟ್ಟೇನಲ್ಲ. 2025-26ರ ರಾಜ್ಯ ಆಯವ್ಯಯದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಹಮಾಲನು ದಿನಾಂತ್ಯದಲ್ಲಿ ಎಂ.ಆರ್.ಪಿ. ಅಂಗಡಿಯ ಕಿಂಡಿಯೊಳಕ್ಕೆ ಚಾಚುವ ನೋಟೂ ಅದರೊಳಗೆ ಸೇರಿದೆ. ಅವನ ಬೆವರಿನಿಂದ ಬಂದ ಆ ಹಣದ ಒಂದು ಗೊತ್ತಾದ ಪಾಲು ಅವನ ಚಿಕಿತ್ಸೆಗೆ ಮರಳಬೇಕೆಂದು ಕೇಳುವುದು ಭಿಕ್ಷೆಯಲ್ಲ, ಲೆಕ್ಕ.

ಬಿದ್ದವನ ಕೈ ಹಿಡಿದ ಬಿದ್ದವರು

ಈ ಕ್ಷೇತ್ರದ ಅತ್ಯಂತ ಮಹತ್ತ್ವದ ಶೋಧವು ಪ್ರಯೋಗಶಾಲೆಯಲ್ಲಿ ಆದುದಲ್ಲ. 1935ರಲ್ಲಿ ಅಮೆರಿಕೆಯ ಆಕ್ರನ್ ಎಂಬ ಊರಿನಲ್ಲಿ, ಕುಡಿತದಿಂದ ಸರ್ವಸ್ವವನ್ನೂ ಕಳೆದುಕೊಳ್ಳುವ ಅಂಚಿನಲ್ಲಿದ್ದ ಒಬ್ಬ ಷೇರುವ್ಯವಹಾರಿಯೂ ಒಬ್ಬ ಶಸ್ತ್ರವೈದ್ಯನೂ ಎದುರುಬದುರು ಕುಳಿತು ತಂತಮ್ಮ ಕಥೆಯನ್ನು ಹೇಳಿಕೊಂಡರು. ಹೇಳಿಕೊಂಡಷ್ಟು ಹೊತ್ತು ಕುಡಿಯಬೇಕೆನಿಸಲಿಲ್ಲವೆಂಬುದನ್ನು ಗಮನಿಸಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಹವಾಸವು ಹುಟ್ಟಿದ್ದು ಹೀಗೆ. 1957ರ ವೇಳೆಗೆ ಅದು ಮುಂಬಯಿಯಲ್ಲಿ ಬೇರುಬಿಟ್ಟಿತು. ಇಂದು ಬೆಂಗಳೂರಿನ ಚರ್ಚುಗಳ, ಶಾಲೆಗಳ ಎರವಲು ಕೊಠಡಿಗಳಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಅದರ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ, ಹಾಜರಿಯಿಲ್ಲ, ಮನೆತನದ ಹೆಸರನ್ನು ಕೇಳುವವರಿಲ್ಲ. ‘ಇವತ್ತು ಒಂದು ದಿನ ಕುಡಿದಿಲ್ಲ’ ಎಂಬಲ್ಲಿಗೆ ಪ್ರತಿಜ್ಞೆ ಮುಗಿಯುತ್ತದೆ. ಜಾರಿದವನು ಮರುದಿನ ಬಂದು ‘ಜಾರಿದೆ’ ಎಂದರೆ ಕುರ್ಚಿ ಸರಿಸಿ ಕೂರಿಸಿಕೊಳ್ಳುತ್ತಾರೆ. ಕುಟುಂಬದವರಿಗಾಗಿ ಆಲ್-ಅನಾನ್ ಎಂಬ ಪ್ರತ್ಯೇಕ ಕೂಟವೂ ಉಂಟು.

ನಮ್ಮದೇ ನೆಲದ ರೀತಿಯೂ ಒಂದಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ 1990ರ ದಶಕದ ಆರಂಭದಲ್ಲಿ ಮೈದಳೆದ ಜನಜಾಗೃತಿ ವೇದಿಕೆಯು ರಾಜ್ಯದಾದ್ಯಂತ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಊರಿನ ಕಲ್ಯಾಣಮಂಟಪದಲ್ಲೋ ದೇವಸ್ಥಾನದ ಅಂಗಳದಲ್ಲೋ ಎಂಟು ದಿನ ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ವೈದ್ಯರ ಆರೈಕೆಯನ್ನೂ ಭಜನೆಯನ್ನೂ ಒಟ್ಟಿಗೆ ಪಡೆದವರು, ಆಮೇಲೆ ನವಜೀವನ ಸಮಿತಿಗಳಲ್ಲಿ ಒಬ್ಬರನ್ನೊಬ್ಬರು ಕಾಯುತ್ತಾರೆ. ಊರು ನೋಡುವಂತೆ ಹೋದವನು ಊರು ನೋಡುವಂತೆ ಮರಳುವುದರಿಂದ, ಲಜ್ಜೆಯ ಅರ್ಧಭಾಗ ಅಲ್ಲಿಯೇ ಕಳೆಯುತ್ತದೆ. ಉತ್ತರ ಬೆಂಗಳೂರಿನಲ್ಲಿಯಾದರೆ, ಹೆಣ್ಣೂರು ಕ್ರಾಸಿನ ಫ್ರೀಡಂ ಫೌಂಡೇಷನ್ 1990ರ ದಶಕದಲ್ಲಿ ವ್ಯಸನಿಗಳ ಪುನರ್ವಸತಿಗೆಂದು ಆರಂಭವಾಗಿ, ಎಚ್.ಐ.ವಿ. ಸೋಂಕಿತರನ್ನು ಆಸ್ಪತ್ರೆಗಳೇ ಮುಟ್ಟಲು ಹೆದರುತ್ತಿದ್ದ ದಿನಗಳಲ್ಲಿ ಅವರಿಗೂ ಬಾಗಿಲನ್ನು ತೆರೆಯಿತು.

ಇಲ್ಲಿ ಒಂದು ತೊಡಕನ್ನು ಹೇಳದೆ ಮುಂದುವರಿಯಲಾಗದು. ಅನಾಮಿಕರ ಸಹವಾಸವು ತನ್ನ ಸಂಪ್ರದಾಯದಂತೆ ಹೊರಗಿನ ಯಾವ ವಿವಾದದಲ್ಲಿಯೂ ಅಭಿಪ್ರಾಯವನ್ನು ಹೇಳುವುದಿಲ್ಲ. ಅದರ ಸದಸ್ಯನು ಪತ್ರಿಕೆಯಲ್ಲಿ ತನ್ನ ಹೆಸರನ್ನು ಹಾಕಿಸಿಕೊಳ್ಳುವುದಿಲ್ಲ. ಈ ಮೌನದಿಂದಲೇ ಅಸಂಖ್ಯ ಜನರು ನಿರ್ಭಯವಾಗಿ ಒಳಗೆ ಬರಲು ಸಾಧ್ಯವಾಯಿತು. ಆದರೆ ಆಸ್ಪತ್ರೆಯಲ್ಲಿ ಹಾಸಿಗೆ ಬೇಕು, ಔಷಧ ಬೇಕು, ಕಾನೂನು ಬದಲಾಗಬೇಕು ಎಂದು ಹೇಳಲು ಯಾರಾದರೂ ಮುಖ ತೋರಿಸಿ ನಿಲ್ಲಲೇಬೇಕು. 1930ರ ದಶಕದಲ್ಲಿ ಜಿ.ಪಿ. ರಾಜರತ್ನಂ ಅವರು ಹೆಂಡಕುಡುಕ ರತ್ನನನ್ನು ಅವನದೇ ಆಡುಮಾತಿನಲ್ಲಿ ಮಾತನಾಡಗೊಟ್ಟರು. ಕನ್ನಡದ ಓದುಗರು ಅವನನ್ನು ಮನೆಯ ಮಗನಂತೆ ಪ್ರೀತಿಸಿದರು. ಕವಿತೆಯಲ್ಲಿ ನಾವು ಕೇಳಿಸಿಕೊಂಡ ಆ ದನಿಯನ್ನು ವಾರ್ಡಿನ ಸಭೆಯಲ್ಲಿ ಇನ್ನೂ ಕೇಳಿಸಿಕೊಂಡಿಲ್ಲ.

ಸೂಜಿಯ ಪ್ರಶ್ನೆ

ಪಶ್ಚಿಮದಲ್ಲಿ ಈ ದನಿ ಮೊದಲು ಕೇಳಿಬಂದದ್ದು ಸೂಜಿಯ ಮೂಲಕ ಅಮಲುಪದಾರ್ಥ ಸೇವಿಸುವವರಿಂದ. 1980ರ ದಶಕದ ಆರಂಭದಲ್ಲಿ ಹಾಲೆಂಡಿನ ಹೆರಾಯಿನ್ ವ್ಯಸನಿಗಳು ತಮ್ಮದೇ ಸಂಘಗಳನ್ನು ಕಟ್ಟಿಕೊಂಡರು. ಹಳೆಯ ಸೂಜಿಯನ್ನು ಪಡೆದು ಹೊಸದನ್ನು ಕೊಡುವ ವ್ಯವಸ್ಥೆಯು 1984ರಲ್ಲಿ ಆಮ್ಸ್ಟರ್ಡಾಮಿನಲ್ಲಿ ಆರಂಭವಾದದ್ದು ಅವರ ಒತ್ತಾಯದಿಂದ. ಹಾನಿ ತಗ್ಗಿಸುವ ನೀತಿಯೆಂದು ಇಂದು ಕರೆಯುವುದರ ತಿರುಳು ಇಷ್ಟೇ: ಬಿಡುವವರೆಗೆ ಬದುಕಿರಲಿ, ಬದುಕಿರುವವರೆಗೆ ಸೋಂಕಿಲ್ಲದಿರಲಿ. ತಲೆಯುಳಿದರೆ ಬೆಲ್ಲ ಬೇಡಿ ತಿನ್ನಬಹುದೆಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಭಾರತದಲ್ಲಿ ಸೂಜಿಯಿಂದ ಮಾದಕವಸ್ತುವನ್ನು ಸೇವಿಸುವವರು ಸುಮಾರು 8.5 ಲಕ್ಷವೆಂದು 2019ರ ಅದೇ ಸಮೀಕ್ಷೆಯು ಅಂದಾಜು ಮಾಡಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಆಶ್ರಯದಲ್ಲಿ ಶುದ್ಧವಾದ ಸೂಜಿಗಳ ವಿತರಣೆಯೂ, ನಾಲಗೆಯ ಕೆಳಗಿಟ್ಟು ಕರಗಿಸುವ ಬ್ಯೂಪ್ರೆನಾರ್ಫಿನ್ ಮಾತ್ರೆಯನ್ನು ದಿನವೂ ಕೇಂದ್ರದಲ್ಲಿಯೇ ಕೊಡುವ ಬದಲಿ ಚಿಕಿತ್ಸೆಯೂ ನಡೆಯುತ್ತಿವೆ. ಬೆಂಗಳೂರಿನ ತಜ್ಞರು ಈಚಿನ ವರ್ಷಗಳಲ್ಲಿ ಎಚ್ಚರಿಸುತ್ತಿರುವುದು ಟಪೆಂಟಡಾಲ್ ಎಂಬ ನೋವುನಿವಾರಕವನ್ನು ಕುರಿತು. ನುಂಗಬೇಕಾದ ಮಾತ್ರೆಯನ್ನು ಎಳೆಯರು ಪುಡಿಮಾಡಿ ನೀರಿನಲ್ಲಿ ಕದಡಿ ರಕ್ತನಾಳಕ್ಕೆ ಚುಚ್ಚಿಕೊಳ್ಳುತ್ತಾರೆ. ಕರಗದೆ ಉಳಿದ ಪುಡಿ ನಾಳವನ್ನು ಕಟ್ಟಿ ಬೆರಳನ್ನೋ ಕೈಯನ್ನೋ ಕೊಳೆಯಿಸಬಲ್ಲದು. ರೈಲ್ವೆ ನಿಲ್ದಾಣಗಳ ಆಸುಪಾಸಿನಲ್ಲಿ ಬಟ್ಟೆಯ ಚೂರಿಗೆ ಸೊಲ್ಯೂಷನ್ ಹಚ್ಚಿ ಮೂಸುವ ಬಾಲಕರು ಇವರಿಗಿಂತಲೂ ಕಿರಿಯರು; ಎಲ್ಲ ವ್ಯಸನಗಳ ನಡುವೆ ಪ್ರೌಢರಿಗಿಂತ ಮಕ್ಕಳಲ್ಲಿಯೇ ಹೆಚ್ಚಾಗಿ ಕಂಡುಬರುವುದು ಈ ಮೂಸುವ ಚಟವೊಂದೇ.

ಕಾನೂನು ನಾವು ಭಾವಿಸುವಷ್ಟು ನಿರ್ದಯವಾಗಿಲ್ಲ. ಮಾದಕವಸ್ತುಗಳನ್ನು ಕುರಿತ 1985ರ ಎನ್.ಡಿ.ಪಿ.ಎಸ್. ಕಾಯಿದೆಯ 64ಎ ವಿಧಿಯು, ಸೇವನೆಯ ಅಥವಾ ಅಲ್ಪಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2017ರ ಎಚ್.ಐ.ವಿ. ಕಾಯಿದೆಯು ಸೋಂಕನ್ನು ತಡೆಯಲು ಶುದ್ಧ ಸೂಜಿಯನ್ನು ಒದಗಿಸುವುದು ಅಪರಾಧವಲ್ಲವೆಂದು ಸಾರಿತು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕವಸ್ತುಗಳಿಂದುಂಟಾದ ಮನೋಸ್ಥಿತಿಗಳನ್ನು ಕಾಯಿಲೆಯೆಂದೇ ಪರಿಗಣಿಸಿ, ಸರಪಳಿ ಬಿಗಿಯುವುದನ್ನು ನಿಷೇಧಿಸಿ, ಇಂತಹ ಚಿಕಿತ್ಸಾಲಯಗಳು ನೋಂದಣಿಯಿಲ್ಲದೆ ನಡೆಯಕೂಡದೆಂದು ವಿಧಿಸಿತು. ಈ ಮೂರೂ ರಕ್ಷೆಗಳಿಗೆ ಕೊರತೆಯೊಂದೇ: ಯಾರಿಗಾಗಿ ರಚಿತವಾದುವೋ ಅವರಿಗೆ ಅವು ತಿಳಿದಿಲ್ಲ. ಇಲ್ಲಿಯೂ, ರೋಗಿಗೆ ತಿಳಿಯದಂತೆ.

ನಾಲ್ಕು ಬಡಾವಣೆಗಳಿಂದ ಆರಂಭ

ನಿಮ್ಹಾನ್ಸಿನ ವ್ಯಸನಚಿಕಿತ್ಸಾ ಕೇಂದ್ರವು ದೇಶಕ್ಕೇ ಮಾದರಿಯಾದುದಾದರೂ ಅದಿರುವುದು ನಗರದ ದಕ್ಷಿಣದಲ್ಲಿ. ಯಲಹಂಕದ ಹಳೆಯ ಊರಿನಿಂದ ಅಲ್ಲಿಗೆ ಹೋಗಿಬರಬೇಕಾದರೆ, ಹೆಬ್ಬಾಳದ ಮೇಲುಸೇತುವೆಯ ದಟ್ಟಣೆಯನ್ನು ಎರಡು ಬಾರಿ ದಾಟಿ, ಒಂದು ದಿನದ ಕೂಲಿಯನ್ನು ಬಿಡಬೇಕು. ಕೈ ನಡುಗುವವನು ದಾರಿಯಲ್ಲಿ ಎಷ್ಟು ಅಂಗಡಿಗಳನ್ನು ದಾಟಬೇಕೆಂಬುದನ್ನು ಅವನ ಹೆಂಡತಿ ಎಣಿಸಿ ಹೇಳಬಲ್ಲಳು. 2022ರ ಡಿಸೆಂಬರಿನಲ್ಲಿ ಆರಂಭವಾದ, ಸರ್ಕಾರದ ನಮ್ಮ ಕ್ಲಿನಿಕ್‌ಗಳು ವಾರ್ಡುಗಳೊಳಗೇ ಇವೆ; ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಪದ್ಧತಿ 2014ರಿಂದ ಇದೆ. ಆದುದರಿಂದ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ನಾಗರಿಕರು ಹೊಸ ಕಟ್ಟಡವನ್ನು ಬೇಡಬೇಕಾಗಿಲ್ಲ. ಇರುವ ಕ್ಲಿನಿಕ್ಕು ಕೂಲಿ ಮುಗಿಯುವ ಸಂಜೆಯ ಹೊತ್ತಿನಲ್ಲಿ ತೆರೆದಿರಲಿ, ಅಲ್ಲಿ ಥಯಮಿನ್ ಸದಾ ಇರಲಿ. ನಡುಕವನ್ನು ದಾಟಿಸಬಲ್ಲ ವೈದ್ಯರಿಗೆ ತರಬೇತಿಯಾಗಲಿ. ಸೂಜಿಯ ವ್ಯಸನಿಗಳಿಗೆ ಬದಲಿ ಚಿಕಿತ್ಸೆಯ ಕೇಂದ್ರವೊಂದು ನಗರದ ಈ ಭಾಗದಲ್ಲಿಯೂ ಬರಲಿ. ಪ್ರತಿಯೊಂದು ಖಾಸಗಿ ಬಿಡಿಸುವ ಕೇಂದ್ರದ ಬಾಗಿಲಿನಲ್ಲಿ ನೋಂದಣಿಯ ಸಂಖ್ಯೆಯೂ ರೋಗಿಯ ಹಕ್ಕುಗಳೂ ಕನ್ನಡದಲ್ಲಿ ಬರೆದಿರಲಿ. ಮತ್ತು ಇವನ್ನೆಲ್ಲ ನಿರ್ಧರಿಸುವ ಸಭೆಯಲ್ಲಿ ಕುಡಿತ ಬಿಟ್ಟ ಒಬ್ಬನಿಗೂ, ಕುಡುಕನ ಮನೆಯಲ್ಲಿ ಬಾಳಿದ ಒಬ್ಬಳಿಗೂ ಕುರ್ಚಿಯಿರಲಿ.

ಇಷ್ಟು ಆಗುವವರೆಗೆ ಕೈ ಕಟ್ಟಿ ಕೂರಬೇಕಾಗಿಲ್ಲ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ನಿಮ್ಹಾನ್ಸಿನ ಮೇಲ್ವಿಚಾರಣೆಯಲ್ಲಿ 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ 14416. ಈ ಎರಡು ಸಂಖ್ಯೆಗಳನ್ನು ಆ ಗೋಡೆಬರಹದ ಪಕ್ಕದಲ್ಲಿಯೇ ಅಂಟಿಸುವ ಕೆಲಸವನ್ನು ಒಂದು ಯುವಕಸಂಘ ಒಂದೇ ಭಾನುವಾರದಲ್ಲಿ ಮಾಡಿ ಮುಗಿಸಬಹುದು. ಮನೆಯೊಳಗೆ ಮಾಡಬಹುದಾದ ಕೆಲಸ ಇನ್ನೂ ಚಿಕ್ಕದು, ಇನ್ನೂ ಕಷ್ಟದ್ದು. ಪುಡಿಯನ್ನು ಸಾರಿಗೆ ಬೆರೆಸುವ ಮುನ್ನ ಒಮ್ಮೆ ಎದುರಿಗೆ ಕುಳಿತು ಮೂರು ಮಾತು ಕೇಳಬೇಕು: ಕೊನೆಯ ಸಲ ಕುಡಿದದ್ದು ಯಾವಾಗ? ಕೈ ನಡುಗುತ್ತಿದೆಯೆ? ಊಟವಾಯಿತೆ? ಮೊದಲ ದಿನ ಸುಳ್ಳುತ್ತರ ಬರಬಹುದು, ಎರಡನೆಯ ದಿನ ಸಿಡುಕು. ಮೂರನೆಯ ದಿನವೋ ಮೂವತ್ತನೆಯ ದಿನವೋ, ಚಹದ ಲೋಟವನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಅವನು ನಿಜವನ್ನು ಹೇಳಿದಾಗ, ಅದನ್ನು ಕೇಳಲು ಅಲ್ಲಿ ಯಾರಾದರೂ ಇರಬೇಕು.